ತೊಟ್ಟಿಲಿರುವ ಮನೆಗೆ ಹಬ್ಬ ಬಂದಾಗ



ನಿಮ್ಮ ಓಣಿಯಲ್ಲಿ ಒಂದಾದರೂ ಕ್ರೈಸ್ತ ಮನೆಯಿದ್ದರೆ ಡಿಸೆಂಬರ್ ಬಂದದ್ದನ್ನು ಕ್ಯಾಲೆಂಡರ್ ನೋಡಿ ತಿಳಿಯಬೇಕಾಗಿಲ್ಲ. ನಮ್ಮ ಮಂಗಳೂರಿನ ಕಡೆಯಂತೂ ತಿಂಗಳ ನಡುವಿನ ಹೊತ್ತಿಗೆ ಅವರ ಅಡುಗೆ ಮನೆಯಿಂದ ಬರುವ ಪರಿಮಳವೇ ಎಲ್ಲವನ್ನೂ ಹೇಳಿಬಿಡುತ್ತದೆ. ನೆವ್ರಿಗೆ ಎಳ್ಳು ಹುರಿಯುವ ವಾಸನೆ, ಕಿಡಿಯೊ ಮತ್ತು ಗುಳಿಯೊ ಎಣ್ಣೆಯಲ್ಲಿ ಬೇಯುವ ವಾಸನೆ, ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ರೋಸ್ ಕುಕ್ಕಿಸ್, ಚಕ್ಕುಲಿ, ತುಕ್ಕುಡಿ, ಕೊನೆಗೆ ಪ್ಲಮ್ ಕೇಕು. ಇವೆಲ್ಲಕ್ಕೂ ಸೇರಿ ಅವರು ಕುಸ್ವಾರ್ ಎನ್ನುತ್ತಾರೆ. ಬಾಗಿಲಲ್ಲಿ ನಕ್ಷತ್ರದ ದೀಪ ತೂಗುತ್ತದೆ. ಮೂಲೆಯಲ್ಲಿ ಗೋದಲಿ ಏಳುತ್ತದೆ. ಮಕ್ಕಳು ಮೊದಲೇ ತಟ್ಟೆಯಲ್ಲಿ ರಾಗಿ ಬಿತ್ತಿ ಮೊಳಕೆ ಬರಿಸಿ, ಗೋದಲಿಯ ಮುಂದೆ ಹಸಿರು ಗದ್ದೆ ಮಾಡುತ್ತಾರೆ. ಈ ಗೋದಲಿಯ ಪದ್ಧತಿಯನ್ನು ಸಂತ ಫ್ರಾನ್ಸಿಸ್ ಅಸ್ಸಿಸಿಯವರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಸಣ್ಣ ಊರಿನಲ್ಲಿ ಆರಂಭಿಸಿದರೆಂದು ಹೇಳುತ್ತಾರೆ. ಗೋದಲಿಯ ನಡುವಿನ ತೊಟ್ಟಿಲು 24ರ ರಾತ್ರಿಯವರೆಗೆ ಖಾಲಿಯಿದ್ದು, ಅಂದು ಮಧ್ಯರಾತ್ರಿ ಅದರಲ್ಲಿ ಮಗುವಿನ ಮೂರ್ತಿಯನ್ನು ಇಡುವ ರೂಢಿ ಹಲವು ಮನೆಗಳಲ್ಲಿದೆ.

ಹಬ್ಬ ಅವರದು, ನಂಬಿಕೆ ಅವರದು. ಹಝ್ರತ್ ಈಸಾ(ಅ)ರನ್ನು ನಾವು ಅಲ್ಲಾಹನ ದಾಸ ಮತ್ತು ಪ್ರವಾದಿ ಎಂದು ನಂಬುವವರು. ಅವರ ನಂಬಿಕೆ ಬೇರೆ. ಈ ವ್ಯತ್ಯಾಸ ಅವರಿಗೂ ಗೊತ್ತು, ನಮಗೂ ಗೊತ್ತು. ಈ ತಿಂಗಳು ನಾನು ಬರೆಯ ಹೊರಟಿರುವುದು ಎಲ್ಲ ಮನೆಗಳಿಗೂ ಸಲ್ಲುವ ಒಂದು ವಿಷಯದ ಬಗ್ಗೆ. ಗೋದಲಿಯ ತೊಟ್ಟಿಲಿನ ಜೊತೆಗೆ ನಿಜವಾದ ತೊಟ್ಟಿಲೂ ಇರುವ ಮನೆಗೆ ಹಬ್ಬ ಬಂದರೆ ಏನಾಗುತ್ತದೆ? ಮಗುವಿನ ಮೊದಲ ಹಬ್ಬ ಯಾರಿಗಾಗಿ?

ನಮ್ಮ ಓಣಿಯ ಒಂದು ಕ್ರೈಸ್ತ ಮನೆಯ ಮಗಳು ಚೊಚ್ಚಲ ಹೆರಿಗೆಗೆ ತಾಯಿಯ ಮನೆಗೆ ಬಂದಿದ್ದಳು. ಅಕ್ಟೋಬರ್ ನಡುವಿನಲ್ಲಿ ಹೆಣ್ಣು ಮಗು ಹುಟ್ಟಿತು. ಕ್ರಿಸ್‌ಮಸ್ ಹೊತ್ತಿಗೆ ಮಗುವಿಗೆ ಸರಿಯಾಗಿ ಹತ್ತು ವಾರ. ಗಂಡ ಗಲ್ಫಿನಲ್ಲಿ. ಹೆರಿಗೆಗೆ ರಜೆ ಸಿಗದೆ, ಡಿಸೆಂಬರ್ 20ಕ್ಕೆ ಮೊದಲ ಸಲ ಮಗುವಿನ ಮುಖ ನೋಡಲು ಬರುವವನಿದ್ದ. ಗಂಡನ ಮನೆ ಸುಮಾರು 40 ಕಿಲೋಮೀಟರ್ ದೂರ. ಅಲ್ಲಿ ಅತ್ತೆ ಮಾವ, ಮೈದುನಂದಿರು, ಅವರ ಮಕ್ಕಳು, ಮುಂಬೈಯಿಂದ ಬರುವ ಚಿಕ್ಕಮ್ಮಂದಿರು. ಮೊಮ್ಮಗಳ ಮೊದಲ ಕ್ರಿಸ್‌ಮಸ್ ನಮ್ಮ ಮನೆಯಲ್ಲೇ ಆಗಬೇಕು ಎಂದು ಅತ್ತೆಯ ಆಸೆ. 24ರ ರಾತ್ರಿ ಮಗುವನ್ನು ಇಗರ್ಜಿಗೆ ಕರೆದುಕೊಂಡು ಹೋಗಿ, ಬಲಿಪೂಜೆ ಮುಗಿಸಿ, ಎಲ್ಲರಿಗೂ ತೋರಿಸಬೇಕು ಎಂಬ ಹಂಬಲ. ಮಗುವಿಗೆ ಕೆಂಪು ಫ್ರಾಕು ಕೂಡ ಹೊಲಿಸಿಟ್ಟಿದ್ದರು.

ನಿಮಗೆ ಇದು ಪರಿಚಿತ ಕಥೆ ಎನಿಸುತ್ತಿಲ್ಲವೇ? ಕ್ರಿಸ್‌ಮಸ್ ಇದ್ದಲ್ಲಿ ಪೆರ್ನಾಳ್ ಎಂದು ಬರೆಯಿರಿ, ಇಗರ್ಜಿ ಇದ್ದಲ್ಲಿ ಈದ್‌ಗಾಹ್ ಎಂದು ಬರೆಯಿರಿ. ನಮ್ಮ ಎಷ್ಟೋ ಮನೆಗಳ ಕಥೆ ಇದೇ ತಾನೇ!

ಆ ತಾಯಿ ಮದುವೆಗೆ ಮುಂಚೆ ನನ್ನ ಹತ್ತಿರ ಕನ್ನಡ ವ್ಯಾಕರಣ ಹೇಳಿಸಿಕೊಳ್ಳಲು ಬರುತ್ತಿದ್ದವಳು. ಡಿಸೆಂಬರ್ ಮೊದಲ ವಾರ ಮಗುವನ್ನು ನೋಡಲು ಹೋದಾಗ ಅವಳ ಕಣ್ಣು ಕೆಂಪಾಗಿತ್ತು.

"ರಾತ್ರಿ ನಾಲ್ಕು ಸಲ ಏಳುತ್ತೇನೆ ಟೀಚರ್. ಹಾಲು ಕುಡಿಸಿ ಮಲಗಿಸುವಷ್ಟರಲ್ಲಿ ಮತ್ತೆ ಎದ್ದಿರುತ್ತದೆ. ಹಬ್ಬ ಎಂದರೆ ನನಗೆ ಎಷ್ಟು ಇಷ್ಟ ನಿಮಗೆ ಗೊತ್ತಲ್ಲ? ಈ ಸಲ ಹಬ್ಬ ಬರುತ್ತಿದೆ ಎಂದರೆ ಅಳು ಬರುತ್ತದೆ. ಯಾರ ಹತ್ತಿರ ಹೇಳುವುದು? ಅತ್ತೆಗೆ ಬೇಡ ಎಂದರೆ ಅವರ ಮನಸ್ಸು ನೋಯುತ್ತದೆ. ಹೂಂ ಎಂದರೆ ನಾನು ಸುಸ್ತಾಗಿ ಬೀಳುತ್ತೇನೆ."

ಅವಳ ತಾಯಿ, ನಾವೆಲ್ಲ ಬಾಯಮ್ಮ ಎಂದು ಕರೆಯುವ ಹಿರಿಯರು, ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ಒಳಗೆ ಬಂದು ಮಗುವನ್ನು ಎತ್ತಿಕೊಂಡು, "ನೀನು ಮಲಗು, ಟೀಚರೂ ನಾನೂ ಮಾತಾಡುತ್ತೇವೆ" ಎಂದರು. ಅವಳು ಗೋಡೆಯ ಕಡೆ ತಿರುಗಿ ಐದೇ ನಿಮಿಷದಲ್ಲಿ ನಿದ್ದೆ ಹೋದಳು.

ಅವರು ಕೊನೆಗೆ ಏನು ಮಾಡಿದರೆಂದು ಹೇಳುವ ಮೊದಲು, ಹತ್ತು ವಾರದ ಮಗುವಿನ ಕಡೆಯಿಂದ ಹಬ್ಬವನ್ನು ಸ್ವಲ್ಪ ನೋಡೋಣ.

ಮಗುವಿಗೆ ಹಬ್ಬ ಎಂದರೇನು?

ಹುಟ್ಟಿದ ಮಗುವಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರ. ಎದೆಗೆ ಒರಗಿ ಹಾಲು ಕುಡಿಯುವಾಗ ತಾಯಿಯ ಮುಖ ಇರುವುದೂ ಅಷ್ಟೇ ದೂರದಲ್ಲಿ. ಸೃಷ್ಟಿಕರ್ತನ ಏರ್ಪಾಡು ನೋಡಿ! ಎರಡು ಮೂರು ತಿಂಗಳಾಗುವಾಗ ಮಗು ಚಲಿಸುವ ವಸ್ತುವನ್ನು ಕಣ್ಣಿನಿಂದ ಹಿಂಬಾಲಿಸುತ್ತದೆ, ಮುಖ ನೋಡಿ ನಗುತ್ತದೆ. ನಕ್ಷತ್ರದ ದೀಪವನ್ನು ಅದು ಖಂಡಿತ ನೋಡುತ್ತದೆ. ಆದರೆ ನಕ್ಷತ್ರ ಯಾಕೆ ತೂಗಿದೆ, ಫ್ರಾಕು ಎಷ್ಟು ಬೆಲೆಯದು, ಯಾವ ಚಿಕ್ಕಮ್ಮ ಎಲ್ಲಿಂದ ಬಂದಿದ್ದಾರೆ ಎಂಬುದು ಅದಕ್ಕೆ ಗೊತ್ತಾಗದು. ಅದಕ್ಕೆ ಗೊತ್ತಾಗುವುದು ತಾಯಿಯ ವಾಸನೆ, ತಾಯಿಯ ದನಿ, ಹೊಟ್ಟೆ ತುಂಬಿದ್ದು, ನಿದ್ದೆ ಕೆಟ್ಟದ್ದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮೂರು ತಿಂಗಳವರೆಗಿನ ಮಗುವಿಗೆ ದಿನಕ್ಕೆ 14ರಿಂದ 17 ಗಂಟೆ, 4ರಿಂದ 11 ತಿಂಗಳ ಮಗುವಿಗೆ 12ರಿಂದ 16 ಗಂಟೆ ನಿದ್ದೆ ಬೇಕು. ಹಬ್ಬದ ಮನೆಯಲ್ಲಿ ಇದು ಸಿಗುತ್ತದೆಯೇ? ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾ, ಫೋಟೋಕ್ಕೆ ಮುಖ ತಿರುಗಿಸುತ್ತಾ, ಪಟಾಕಿಗೆ ಬೆಚ್ಚುತ್ತಾ ಇಡೀ ದಿನ ಕಳೆದ ಮಗು ರಾತ್ರಿಯಿಡೀ ಚೀರುತ್ತದೆ. ಆಗ ನಾವೇನು ಹೇಳುತ್ತೇವೆ? "ದೃಷ್ಟಿಯಾಗಿದೆ" ಎನ್ನುತ್ತೇವೆ. ದಣಿದ ಮಗು ಮೊದಲೇ ಸೂಚನೆ ಕೊಟ್ಟಿರುತ್ತದೆ. ಮುಖ ಆಚೆ ತಿರುಗಿಸುತ್ತದೆ, ಆಕಳಿಸುತ್ತದೆ, ಮುಷ್ಟಿ ಬಿಗಿ ಹಿಡಿಯುತ್ತದೆ, ಬೆನ್ನು ಬಿಲ್ಲಿನಂತೆ ಬಾಗಿಸುತ್ತದೆ. ಮಾತು ಬಾರದ ಮಗು ಸಾಕು ಎನ್ನುವ ರೀತಿ ಅದು. ಅಷ್ಟಾದಾಗ ಒಳಕೋಣೆಗೆ ಒಯ್ದು ಹಾಲು ಕೊಟ್ಟು ಮಲಗಿಸಬೇಕು. ಅತಿಥಿಗಳು ಕಾಯಲಿ.

ಪ್ರೀತಿಯ ಮುತ್ತು ಮತ್ತು ಕೆಮ್ಮು

ಡಿಸೆಂಬರ್, ಜನವರಿಯಲ್ಲಿ ಶೀತ ಕೆಮ್ಮು ಇಲ್ಲದ ಮನೆ ಕಡಿಮೆ. ದೊಡ್ಡವರಿಗೆ ಎರಡು ದಿನ ಮೂಗು ಸುರಿಸಿ ಹೋಗುವ ಅದೇ ಸೋಂಕು ಎಳೆ ಮಗುವಿನ ಸಣ್ಣ ಶ್ವಾಸನಾಳಕ್ಕೆ ಇಳಿದರೆ ಉಸಿರಾಟಕ್ಕೇ ಕಷ್ಟ. ನಾಯಿಕೆಮ್ಮು ಇನ್ನೂ ಅಪಾಯಕಾರಿ. ನಮ್ಮ ದೇಶದ ಲಸಿಕೆ ಪಟ್ಟಿಯಲ್ಲಿ ನಾಯಿಕೆಮ್ಮಿನ ವಿರುದ್ಧದ ಔಷಧವೂ ಸೇರಿರುವ ಪೆಂಟಾವೇಲೆಂಟ್ ಲಸಿಕೆಯನ್ನು 6, 10 ಮತ್ತು 14ನೇ ವಾರಗಳಲ್ಲಿ ಕೊಡುತ್ತಾರೆ. ಅಂದರೆ ಹತ್ತು ವಾರದ ಮಗುವಿಗೆ ಆ ಮೂರು ಸುತ್ತು ಇನ್ನೂ ಮುಗಿದಿಲ್ಲ. ದಡಾರದ ಲಸಿಕೆ ಸಿಗುವುದು 9 ತಿಂಗಳು ತುಂಬಿದಾಗ. ಅಲ್ಲಿಯವರೆಗೆ ಮಗುವಿಗೆ ನಾವೇ ಬೇಲಿ.

ಆದ್ದರಿಂದ ಎಳೆ ಮಗುವಿನ ಮನೆಗೆ ಹೋಗುವವರು ಮೂರು ಮಾತು ನೆನಪಿಡಬೇಕು. ಶೀತ, ಜ್ವರ, ಕೆಮ್ಮು ಇದ್ದರೆ ಹೋಗಬಾರದು. ಹೋಗದಿರುವುದೇ ಆಗ ಪ್ರೀತಿ. ಹೋದರೆ ಸಾಬೂನಿನಿಂದ ಕೈ ತೊಳೆಯಬೇಕು. ಮಗುವಿನ ಮುಖಕ್ಕೆ, ಕೈಗೆ ಮುತ್ತು ಕೊಡಬಾರದು. ಕೈ ನೇರ ಬಾಯಿಗೆ ಹೋಗುತ್ತದೆ. ತುಟಿಯಲ್ಲಿ ಜ್ವರದ ಗುಳ್ಳೆ ಎದ್ದವರಂತೂ ಹತ್ತಿರವೂ ಸುಳಿಯಬಾರದು. ಆ ಗುಳ್ಳೆಯ ವೈರಸ್ ಹೊಸ ಕೂಸಿನ ಮೆದುಳಿಗೂ ಹಬ್ಬಬಲ್ಲದು.

ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೆ ಹಬ್ಬ ಮುಗಿಯಲಿ ಎಂದು ಕಾಯಬೇಡಿ. ತಕ್ಷಣ ವೈದ್ಯರಲ್ಲಿಗೆ ಹೋಗಿ. ಉಸಿರು ಎಣಿಸಲು ಕಲಿಯಿರಿ. ಎರಡು ತಿಂಗಳೊಳಗಿನ ಮಗು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ, 2ರಿಂದ 12 ತಿಂಗಳ ಮಗು 50 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಎದೆಗೂಡಿನ ಕೆಳಭಾಗ ಒಳಕ್ಕೆ ಎಳೆಯುತ್ತಿದ್ದರೆ, ಹಾಲು ಕುಡಿಯಲು ಒಲ್ಲೆನೆಂದರೆ ಅದು ಅಪಾಯದ ಲಕ್ಷಣ.

"ಒಂದು ಚೂರು ನೆಕ್ಕಿಸಿದರೆ ಏನಾಗುತ್ತದೆ?"

ಹಬ್ಬದ ದಿನ ಪ್ರತಿ ತಾಯಿಯೂ ಕೇಳುವ ಮಾತಿದು. ಕೇಕಿನ ಕ್ರೀಮು, ಪಾಯಸ, ಶೀರ್‌ಕುರ್ಮಾ, ಸಕ್ಕರೆ ನೀರು, ಜೇನು. ಎಲ್ಲರಿಗೂ ಮಗುವಿನ ಬಾಯಿಗೆ ಹಬ್ಬದ ರುಚಿ ತಾಗಿಸುವ ಆಸೆ.

ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ ಎಂಬುದು ವೈದ್ಯರ ಒಮ್ಮತದ ಮಾತು. ನೀರೂ ಬೇಡ. ನಮ್ಮ ದೇಶದಲ್ಲಿ ಇದಿನ್ನೂ ಎಲ್ಲ ಮನೆಗಳನ್ನು ಮುಟ್ಟಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳೊಳಗಿನ ಮಕ್ಕಳಲ್ಲಿ ತಾಯಿಯ ಹಾಲು ಮಾತ್ರ ಕುಡಿಯುತ್ತಿದ್ದವರು ಶೇಕಡಾ 63.7. ಉಳಿದವರ ಹೊಟ್ಟೆಗೆ ಬೇರೇನೋ ಹೋಗುತ್ತಿತ್ತು. ಅದರಲ್ಲಿ ಎಷ್ಟೋ ಸಲ ಕೊಟ್ಟದ್ದು ನಾವೇ, ಪ್ರೀತಿಯಿಂದ.

ಜೇನಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಜೇನಿನಲ್ಲಿ ರೋಗ ಶಮನವಿದೆ ಎಂದು ನಂಬುವವರು ನಾವು. ಆದರೆ ಒಂದು ವರ್ಷ ತುಂಬುವವರೆಗೆ ಮಗುವಿಗೆ ಒಂದು ಹನಿ ಜೇನೂ ಕೊಡಬಾರದು. ಜೇನಿನಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ದೊಡ್ಡವರ ಕರುಳು ಅದನ್ನು ತಡೆಯುತ್ತದೆ. ಎಳೆಯ ಕರುಳಿನಲ್ಲಿ ಅದು ಬೆಳೆದು ವಿಷ ಉಂಟುಮಾಡಿ ಮಗುವಿನ ಸ್ನಾಯುಗಳನ್ನೇ ನಿಶ್ಶಕ್ತಗೊಳಿಸಬಹುದು. ತಹ್ನೀಕ್‌ನ ಸುನ್ನತ್ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಪ್ರವಾದಿ(ಸ) ಮೆದುಗೊಳಿಸಿದ ಖರ್ಜೂರವನ್ನು ನವಜಾತ ಶಿಶುವಿನ ಬಾಯಿಯ ಮೇಲ್ಭಾಗಕ್ಕೆ ಸವರಿದ್ದು ಹದೀಸ್‌ಗಳಲ್ಲಿದೆ. ಅದನ್ನು ಮಾಡುವವರು ಆರೋಗ್ಯವಂತರಿರಬೇಕು, ಸವರುವುದು ಸವರಿದಷ್ಟೇ ಇರಬೇಕು, ಅವಧಿಗೆ ಮುಂಚೆ ಹುಟ್ಟಿದ ಅಥವಾ ಸೌಖ್ಯವಿಲ್ಲದ ಮಗುವಾದರೆ ವೈದ್ಯರನ್ನು ಕೇಳಬೇಕು. ಖರ್ಜೂರದ ಬದಲು ಜೇನು ಹಚ್ಚುವ ಅಭ್ಯಾಸವನ್ನು ಬಿಡಬೇಕು.

ಮಗು ಆರು ತಿಂಗಳು ದಾಟಿದ್ದರೆ ಹಬ್ಬದ ದಿನ ಮೆತ್ತಗೆ ಬೇಯಿಸಿ ನುರಿದ ಅನ್ನ, ಬೇಳೆ, ಬಾಳೆಹಣ್ಣು, ಕುಂಬಳಕಾಯಿ ಕೊಡಬಹುದು. ಒಂದು ವರ್ಷದವರೆಗೆ ಉಪ್ಪು ಸೇರಿಸುವುದು ಬೇಡ, ಸಕ್ಕರೆಯನ್ನು ಎರಡು ವರ್ಷದವರೆಗೂ ದೂರವಿಟ್ಟರೆ ಒಳ್ಳೆಯದು. ಇಡೀ ಗೋಡಂಬಿ, ನೆಲಗಡಲೆ, ದ್ರಾಕ್ಷಿ, ಚಕ್ಕುಲಿಯ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಪ್ಲಮ್ ಕೇಕಿನ ಒಣಹಣ್ಣುಗಳನ್ನು ಹಲವು ಮನೆಗಳಲ್ಲಿ ರಮ್ಮಿನಲ್ಲಿ ನೆನೆಸುತ್ತಾರೆ. ಅದು ಯಾವ ಮಗುವಿಗೂ ಸಲ್ಲದು, ನಮಗಂತೂ ಹರಾಮ್. ನಮ್ಮ ಬಾಯಮ್ಮ ಇಷ್ಟು ವರ್ಷಗಳಿಂದಲೂ ಒಂದಿಷ್ಟು ಹಣ್ಣನ್ನು ಕಿತ್ತಳೆ ರಸದಲ್ಲಿ ಬೇರೆಯೇ ನೆನೆಸಿಟ್ಟು, ಆ ಕೇಕನ್ನು ಬೇರೆ ಡಬ್ಬಿಯಲ್ಲಿ ಹಾಕಿ ನಮ್ಮ ಮನೆಗಳಿಗೆ ಕಳಿಸುತ್ತಾರೆ. ಇನ್ನೊಬ್ಬರ ಧರ್ಮಕ್ಕೆ ಗೌರವ ಎಂದರೆ ಭಾಷಣದಲ್ಲಿರುವುದಲ್ಲ, ಆ ಬೇರೆ ಡಬ್ಬಿಯಲ್ಲಿರುವುದು.

ಮರ್ಯಮ್(ಅ)ರಿಗೆ ಸಿಕ್ಕಿದ್ದು

ಸಹೋದರಿಯರೇ, ಕ್ರಿಸ್‌ಮಸ್ಸಿನ ಮಾತು ಬಂದಾಗ ನನಗೆ ನೆನಪಾಗುವುದು ಕುರ್‌ಆನಿನ 19ನೇ ಅಧ್ಯಾಯ, ಸೂರಃ ಮರ್ಯಮ್. ಅದರಲ್ಲಿ ಹೆರಿಗೆಯ ಸನ್ನಿವೇಶ ಬರುತ್ತದೆ. ಒಬ್ಬಂಟಿಯಾಗಿ ದೂರದ ಜಾಗಕ್ಕೆ ಹೋದ ಆ ಮಹಿಳೆಗೆ ಪ್ರಸವ ವೇದನೆ ಖರ್ಜೂರದ ಮರದ ಬುಡದಲ್ಲಿ ಬರುತ್ತದೆ. ತಾನು ಇದಕ್ಕೆ ಮುಂಚೆಯೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಅವರು ನೊಂದುಕೊಳ್ಳುತ್ತಾರೆ. ಆಗ ಕೆಳಗಿನಿಂದ ಸಾಂತ್ವನದ ದನಿ ಕೇಳುತ್ತದೆ. ಕಾಲ ಕೆಳಗೆ ನೀರಿನ ತೊರೆ ಇದೆ, ಮರ ಅಲುಗಿಸಿದರೆ ತಾಜಾ ಖರ್ಜೂರ ಉದುರುತ್ತದೆ. ತಿನ್ನಬೇಕು, ಕುಡಿಯಬೇಕು, ಕಣ್ಣು ತಂಪು ಮಾಡಿಕೊಳ್ಳಬೇಕು, ಜನ ಕಂಡರೆ ಮೌನವ್ರತ ಎಂದು ತಿಳಿಸಬೇಕು ಎಂಬ ಆಶಯದ ಮಾತುಗಳು ಅಲ್ಲಿವೆ.

ಇದನ್ನು ಮದ್ರಸದಲ್ಲಿ ಹುಡುಗಿಯರಿಗೆ ಪಾಠ ಮಾಡುವಾಗ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಜಗತ್ತಿನ ಶ್ರೇಷ್ಠ ಮಹಿಳೆಯರಲ್ಲೊಬ್ಬರು ಪ್ರವಾದಿಯೊಬ್ಬರನ್ನು ಹೆತ್ತ ಗಳಿಗೆಯಲ್ಲಿ ಅವರಿಗೆ ಸಿಕ್ಕ ಸಾಂತ್ವನದಲ್ಲಿ ಏನೇನಿತ್ತು? ಆಹಾರ, ನೀರು, ನೆಮ್ಮದಿ, ಮತ್ತು ಜನರಿಗೆ ಉತ್ತರ ಕೊಡುವ ಭಾರದಿಂದ ಬಿಡುಗಡೆ. ಇಂದು ನಮ್ಮ ಮನೆಯ ಬಾಣಂತಿಗೆ ಹಬ್ಬದ ದಿನ ಈ ನಾಲ್ಕರಲ್ಲಿ ಎಷ್ಟು ಸಿಗುತ್ತದೆ? ಎಲ್ಲರ ಊಟವಾದ ಮೇಲೆ ತಣ್ಣಗಾದ ಅನ್ನ, ಕುಡಿಯಲು ಮರೆತ ನೀರು, ಮುರಿದ ನಿದ್ದೆ, ಮತ್ತು "ಮಗು ಯಾಕೆ ಇಷ್ಟು ಸಣ್ಣ? ಹಾಲು ಸಾಕಾಗುತ್ತಿಲ್ಲವೇ? ಯಾರ ಬಣ್ಣ ಬಂದಿದೆ?" ಎಂಬ ಪ್ರಶ್ನೆಗಳ ಸುರಿಮಳೆ.

ಪ್ರವಾದಿ(ಸ) ನಮಾಝನ್ನು ದೀರ್ಘವಾಗಿ ನಿರ್ವಹಿಸಬೇಕೆಂದು ನಿಂತಾಗ ಹಿಂದಿನಿಂದ ಮಗುವಿನ ಅಳು ಕೇಳಿದರೆ, ಅದರ ತಾಯಿಗೆ ಆಗುವ ಸಂಕಟವನ್ನು ತಿಳಿದು ನಮಾಝನ್ನು ಚಿಕ್ಕದು ಮಾಡುತ್ತಿದ್ದರೆಂದು ಬುಖಾರಿ ಮತ್ತು ಮುಸ್ಲಿಮ್‌ನ ಹದೀಸ್‌ಗಳಲ್ಲಿದೆ. ಮಗು ಅತ್ತಾಗ ಅಲ್ಲಾಹನ ಮುಂದೆ ನಿಂತ ನಮಾಝೇ ಚಿಕ್ಕದಾಗಬಹುದಾದರೆ, ನಮ್ಮ ಹಬ್ಬದೂಟ ಚಿಕ್ಕದಾಗಬಾರದೇ?

ಇದು ಬರೀ ಸುಸ್ತಿನ ಪ್ರಶ್ನೆಯೂ ಅಲ್ಲ. ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹಳ ತಾಯಂದಿರಿಗೆ ಇರುತ್ತದೆ, ತಾನಾಗಿಯೇ ಹೋಗುತ್ತದೆ. ಎರಡು ವಾರ ದಾಟಿಯೂ ಅಳು, ನಿರಾಸೆ, ಮಗು ಮಲಗಿದಾಗಲೂ ನಿದ್ದೆ ಬಾರದಿರುವುದು, ಮಗುವಿನ ಬಗ್ಗೆ ಆಸೆಯೇ ಇಲ್ಲದಿರುವುದು, ಸಾಯಬೇಕೆನ್ನಿಸುವುದು ಮುಂದುವರಿದರೆ ಅದು ಕಾಯಿಲೆ. ಜಗತ್ತಿನಲ್ಲಿ ಹೆರಿಗೆಯಾದ ನೂರು ತಾಯಂದಿರಲ್ಲಿ ಸುಮಾರು 13 ಮಂದಿಗೆ ಮಾನಸಿಕ ತೊಂದರೆ ಕಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಈಮಾನಿನ ಕೊರತೆಯಲ್ಲ, ಸೊಕ್ಕೂ ಅಲ್ಲ. ಔಷಧವಿದೆ, ಗುಣವಾಗುತ್ತದೆ. ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಹಬ್ಬದ ಗದ್ದಲದಲ್ಲಿ ಇಂತಹ ತಾಯಿ ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲರೂ ಮಗುವಿನ ಮುಖವನ್ನೇ ನೋಡುತ್ತಿರುತ್ತಾರೆ. ಯಾರಾದರೊಬ್ಬರು ಅವಳ ಮುಖವನ್ನೂ ನೋಡಬೇಕು.

ಆ ಮನೆಯವರು ಮಾಡಿದ್ದು

ಬಾಯಮ್ಮ ಬೀಗತಿಗೆ ಫೋನು ಮಾಡಲಿಲ್ಲ. ಬಸ್ಸು ಹಿಡಿದು ತಾವೇ ಅವರ ಮನೆಗೆ ಹೋದರು. "ಮಗಳು ಬರುವುದಿಲ್ಲ" ಎಂದು ಶುರು ಮಾಡಲಿಲ್ಲ. ಮಗಳ ರಾತ್ರಿಗಳು ಹೇಗಿವೆ ಎಂದು ಹೇಳಿದರು. ಬೀಗತಿಯೂ ಮೂರು ಹೆತ್ತವರು. ಅವರು ಬೇಸರಪಟ್ಟರು, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನ್ನ ಮೊದಲ ಕೂಸಿನ ನತಾಲಾಂಗೆ ನಾನು ನಲವತ್ತು ಜನಕ್ಕೆ ಅಡುಗೆ ಮಾಡಿದ್ದೆ. ಅಂದು ನನಗಾಗಿ ಯಾರೂ ಹೀಗೆ ಬಂದು ಮಾತಾಡಲಿಲ್ಲ" ಎಂದರಂತೆ. ನತಾಲಾಂ ಎಂದರೆ ಕೊಂಕಣಿಯಲ್ಲಿ ಕ್ರಿಸ್‌ಮಸ್.

ತೀರ್ಮಾನ ಹೀಗಾಯಿತು. ತಾಯಿ ಮಗು ಇದ್ದಲ್ಲೇ ಇರುವುದು. 24ರ ರಾತ್ರಿ ಮಗುವಿನ ತಂದೆ ತನ್ನ ತಂದೆ ತಾಯಿಯ ಜೊತೆ ಇಗರ್ಜಿಗೆ ಹೋಗಿ ಬೆಳಿಗ್ಗೆ ಹಿಂತಿರುಗುವುದು. 26ಕ್ಕೆ ಅತ್ತೆ ಮಾವ ಮಾತ್ರ ಇಲ್ಲಿಗೆ ಬರುವುದು. ಉಳಿದವರಿಗೆಲ್ಲ ಜನವರಿಯಲ್ಲಿ ಜ್ಞಾನಸ್ನಾನದ ದಿನ ಮಗುವನ್ನು ತೋರಿಸುವುದು. ಫೋಟೋ ಬೇಕಾದವರಿಗೆ ಫೋಟೋ, ಆದರೆ ಯಾರೂ ಅದನ್ನು ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮಿಗೆ ಹಾಕಬಾರದು. ಈ ಕೊನೆಯ ಮಾತು ತಂದೆಯದು.

25ರ ಬೆಳಿಗ್ಗೆ ಆ ಮನೆಯಲ್ಲಿ ಆದದ್ದು ಇಷ್ಟೇ. ತಾಯಿ ಏಳೂವರೆಯವರೆಗೆ ಮಲಗಿದಳು. ಹೆರಿಗೆಯಾದ ಮೇಲೆ ಅಷ್ಟು ನಿದ್ದೆ ಮಾಡಿದ್ದು ಅದೇ ಮೊದಲಂತೆ. ತಂದೆ ಮಗುವನ್ನು ಎತ್ತಿಕೊಂಡಾಗ ಅದು ಚೀರಿತು. ಐದು ದಿನದಿಂದಲೂ ಚೀರುತ್ತಿತ್ತು. ವಿಡಿಯೋ ಕಾಲ್‌ನಲ್ಲಿ ಎರಡು ತಿಂಗಳು ಕೇಳಿದ ದನಿ ಸರಿ, ಆದರೆ ಮೈಯ ವಾಸನೆ ಹೊಸದು. ಅವನಿಗೆ ಎಷ್ಟು ನೋವಾಗಿತ್ತೋ! ಯಾರೂ ಮಗುವನ್ನು ಕಿತ್ತುಕೊಂಡು "ನಿನಗೆ ಗೊತ್ತಾಗುವುದಿಲ್ಲ ಬಿಡು" ಎನ್ನಲಿಲ್ಲ. ತಾಯಿ ಹೊದೆಯುತ್ತಿದ್ದ ಹಳೆಯ ಹತ್ತಿ ಬಟ್ಟೆಯನ್ನು ಬಾಯಮ್ಮ ಅವನ ಹೆಗಲಿಗೆ ಹಾಕಿದರು. ನಕ್ಷತ್ರದ ದೀಪದ ಕೆಳಗೆ ಅತ್ತಿಂದಿತ್ತ ನಡೆದ. ಮಗು ದೀಪ ನೋಡುತ್ತಾ ಸುಮ್ಮನಾಯಿತು, ಆಮೇಲೆ ಅವನ ಹೆಗಲ ಮೇಲೆ ನಿದ್ದೆ ಹೋಯಿತು. ಕೆಂಪು ಫ್ರಾಕನ್ನು 26ರಂದು ಅಜ್ಜಿಯೇ ತಮ್ಮ ಕೈಯಾರೆ ಹತ್ತು ನಿಮಿಷ ತೊಡಿಸಿ ತೆಗೆದರು, ಜರಿ ಚುಚ್ಚುತ್ತಿತ್ತು.

ಗಲ್ಫಿನಲ್ಲಿ ಗಂಡಂದಿರಿರುವ ನಮ್ಮ ಸಹೋದರಿಯರು ಈ ತಂದೆಯ ವಿಷಯವನ್ನು ಗಮನಿಸಬೇಕು. ರಜೆಯ ದಿನಗಳು ಬೆರಳೆಣಿಕೆಯವು. ಅವು ನೆಂಟರ ಮನೆಗಳಲ್ಲೇ ಕರಗಿಹೋದರೆ ಮಗುವಿಗೆ ತಂದೆಯ ಪರಿಚಯವಾಗುವುದು ಯಾವಾಗ?

ನೆರೆಯವರಾಗಿ ನಾವು ಏನು ಮಾಡಬಹುದು?

"ಅವರ ಹಬ್ಬದ ದಿನ ಹೋಗಬಹುದೇ?" ಎಂದು ಕೇಳುವವರಿದ್ದಾರೆ. ಅವರ ಆರಾಧನೆಯಲ್ಲಿ ನಾವು ಭಾಗಿಗಳಲ್ಲ. ಆದರೆ ಬಾಣಂತಿಯನ್ನು ವಿಚಾರಿಸುವುದು, ನೆರೆಮನೆಗೆ ಆಹಾರ ಕಳಿಸುವುದು ನೆರೆಯ ಹಕ್ಕಿಗೆ ಸೇರಿದ್ದು. ಸಾರಿಗೆ ನೀರು ಹೆಚ್ಚಿಸಿ ನೆರೆಯವರನ್ನು ನೆನೆಯಿರಿ ಎಂಬರ್ಥದ ಉಪದೇಶವನ್ನು ಪ್ರವಾದಿ(ಸ) ಅಬೂದರ್ರ್(ರ)ರಿಗೆ ಕೊಟ್ಟರು. ನೆರೆಯವರ ಧರ್ಮ ಯಾವುದೆಂದು ಅಲ್ಲಿ ಕೇಳಿಲ್ಲ.

ಎಳೆ ಮಗುವಿನ ಮನೆಗೆ ಹಬ್ಬದ ಹಿಂದಿನ ದಿನ ಒಂದು ಪಾತ್ರೆ ಬಿಸಿ ಗಂಜಿಯೋ, ಮೆಂತ್ಯದ ಪಾಯಸವೋ, ಕೋಳಿ ಸಾರೋ ಕಳಿಸಿ. ಪಾತ್ರೆ ತೊಳೆದು ಕೊಡುವ ಅವಸರ ಬೇಡ ಎನ್ನಿ. ದೊಡ್ಡ ಮಕ್ಕಳಿದ್ದರೆ ಎರಡು ಗಂಟೆ ನಿಮ್ಮ ಮನೆಗೆ ಕರೆದುಕೊಳ್ಳಿ. ಹೋಗುವ ಮುಂಚೆ ಕೇಳಿ ಹೋಗಿ. ಹದಿನೈದು ನಿಮಿಷದಲ್ಲಿ ಏಳಿ. ಮಗು ನಿದ್ದೆಯಲ್ಲಿದ್ದರೆ ಎಬ್ಬಿಸಿ ತೋರಿಸಲು ಹೇಳಬೇಡಿ.

ಇನ್ನು ನಮ್ಮ ಮನೆಯ ತೊಟ್ಟಿಲು. ಕ್ರಿಸ್‌ಮಸ್ ಪ್ರತಿ ವರ್ಷ ಡಿಸೆಂಬರ್ 25ಕ್ಕೇ ಬರುತ್ತದೆ. ನಮ್ಮ ಈದ್ ಚಂದ್ರನ ಲೆಕ್ಕದ್ದು, ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಒಮ್ಮೆ ಸುಡುಬಿಸಿಲಿಗೆ ಬಂದೀತು, ಒಮ್ಮೆ ಮಳೆಗೆ. ಆದ್ದರಿಂದ ಮುಂದಿನ ಈದ್‌ಗೆ ನಿಮ್ಮ ಮಗುವಿಗೆ ಎಷ್ಟು ತಿಂಗಳು, ಆಗ ಯಾವ ಕಾಲ ಎಂದು ಈಗಲೇ ಎಣಿಸಿ, ಅದಕ್ಕೆ ತಕ್ಕಂತೆ ಏರ್ಪಾಡು ಮಾಡಿ. ಮಗುವಿನ ಕೋಣೆಯಲ್ಲಿ ಲೋಬಾನದ ಹೊಗೆ, ಊದುಬತ್ತಿ ಬೇಡ. ಎಳೆಯ ಉಸಿರಿಗೆ ಹೊಗೆ ಕಷ್ಟ. ಕಣ್ಣಿಗೆ ಸುರ್ಮಾ ಹಚ್ಚಬೇಡಿ. ಹಲವು ಬಗೆಯ ಸುರ್ಮಾಗಳಲ್ಲಿ ಸೀಸವಿದೆ, ಅದು ಮಕ್ಕಳ ಮೆದುಳಿಗೆ ಕೇಡು. ಜರಿ, ಮಣಿ, ಪಿನ್ನು ಇಲ್ಲದ ಹತ್ತಿ ಬಟ್ಟೆಯೇ ಅದರ ಹಬ್ಬದುಡುಗೆ. ಏಳೆಂಟು ತಿಂಗಳ ಮಗು ಹೊಸಬರನ್ನು ಕಂಡು ಅಳುವುದು ಬೆಳವಣಿಗೆಯ ಲಕ್ಷಣ. ಸಾಂತಾ ಕ್ಲಾಸನ ಗಡ್ಡಕ್ಕೂ ಅಳುತ್ತದೆ, ನಮ್ಮ ದೊಡ್ಡಪ್ಪನ ಗಡ್ಡಕ್ಕೂ ಅಳುತ್ತದೆ. ಬೈಯಬೇಡಿ, ತಾಯಿಯ ಮಡಿಲಿನಿಂದಲೇ ಪರಿಚಯವಾಗಲಿ. ತೆವಳುವ ಮಗುವಿದ್ದರೆ ಮಿನುಗುವ ಆಟಿಕೆ, ಬ್ಯಾಟರಿ ಮೇಣದಬತ್ತಿಗಳಲ್ಲಿರುವ ಗುಂಡಿಯಂತಹ ಬ್ಯಾಟರಿಯ ಮೇಲೆ ಕಣ್ಣಿಡಿ. ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ಆಸ್ಪತ್ರೆಗೆ ಓಡಿ.

ಮುಖ್ಯವಾಗಿ, ಬಾಣಂತಿಯ ಊಟ ಮೊದಲು ಬಡಿಸಿ. ಈದ್‌ನ ದಿನ ಬಿರಿಯಾನಿಯ ದೊಡ್ಡ ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಮೊದಲ ತಟ್ಟೆ ಅವಳ ಕೋಣೆಗೆ ಹೋಗಲಿ. ಅವಳು ಉಣ್ಣುವಷ್ಟು ಹೊತ್ತು ಮಗುವನ್ನು ಯಾರಾದರೂ ಎತ್ತಿಕೊಳ್ಳಲಿ. ಮನೆಯ ಗಂಡಸರೇ ಎತ್ತಿಕೊಂಡರೆ ಇನ್ನೂ ಒಳ್ಳೆಯದು. ಅವಳು ಮಲಗಿದರೆ ಬಾಗಿಲು ಮುಚ್ಚಿ, ಬಂದವರಿಗೆ ಅತ್ತೆಯೇ ಹೇಳಲಿ: "ನನ್ನ ಸೊಸೆ ಮಲಗಿದ್ದಾಳೆ, ಇನ್ನೊಮ್ಮೆ ಬನ್ನಿ." ಸೊಸೆ ಹೇಳಿದರೆ ಅಹಂಕಾರವೆನಿಸುವ ಮಾತು ಅತ್ತೆಯ ಬಾಯಿಂದ ಬಂದಾಗ ರಕ್ಷಣೆಯಾಗುತ್ತದೆ. ಹೀಗೆ ಹೇಳುವ ಅಧಿಕಾರ ಇರುವುದು ಈ ಪುಟವನ್ನು ಓದುತ್ತಿರುವ ಹಿರಿಯ ಸಹೋದರಿಯರಾದ ನಿಮಗೆ. ಮುಂದಿನ ಹಬ್ಬಕ್ಕೆ ಅದನ್ನು ಬಳಸುತ್ತೀರಲ್ಲ?